ಚೈನ್‌ಸಾಗೆ ಬಾರ್, ಚೈನ್ ಆರಿಸುವುದು ಹೇಗೆ? ಇಂಚು ಮಾತ್ರ ಹೇಳಿದರೆ ಸಾಲದು

ಬೇಸಗೆ ಬಂತೆಂದರೆ ಗಡಿನಾಡಿನ ತೋಟಗಳಲ್ಲಿ ಚೈನ್‌ಸಾ ಸದ್ದು ಶುರುವಾಗುತ್ತದೆ. ಕಾಸರಗೋಡು ಕಡೆ ಹಾಲು ಬತ್ತಿದ ರಬ್ಬರ್ ಮರ ಕಡಿದು ಹೊಸ ಗಿಡಕ್ಕೆ ಜಾಗ ಮಾಡುವ ಕೆಲಸ. ವಯನಾಡು, ಗೂಡಲೂರಿನಲ್ಲಿ ಸಿಲ್ವರ್ ಓಕ್. ರಾಯದುರ್ಗ, ಮಡಕಶಿರಾ ಸೀಮೆಯಲ್ಲಿ ಬಳ್ಳಾರಿ ಜಾಲಿ. ಮಲಯಾಳದಲ್ಲಿ ಮೆಷಿನ್ ವಾಳ್ ಎನ್ನುವ, ನಮ್ಮಲ್ಲಿ ಬರೀ 'ಮೆಷಿನ್' ಎನಿಸಿಕೊಂಡಿರುವ ಈ ಗರಗಸ ಈಗ ಕೊಡಲಿಯಷ್ಟೇ ಸಾಮಾನ್ಯ. ಆದರೆ ಅದರ ಚೈನ್ ಸವೆದು ಹೊಸದು ತರಲು ಪೇಟೆಗೆ ಹೋದವರು ಅಂಗಡಿಯ ಮೇಜಿನ ಮುಂದೆ ತಡವರಿಸುವುದು ಇನ್ನೂ ತಪ್ಪಿಲ್ಲ.

"ಹದಿನೆಂಟು ಇಂಚಿನ ಒಂದು ಚೈನ್ ಕೊಡಿ."

"ಯಾವ ಮೆಷಿನಿಗೆ ಅಣ್ಣಾ?"

"ಸಾಧಾರಣ ಮೆಷಿನೇ. ಹದಿನೆಂಟು ಇಂಚು."

"ಹಳೆ ಚೈನ್ ತಂದಿದ್ದೀರಾ?"

"ಇಲ್ಲ."

ಇಲ್ಲಿಂದ ಮುಂದೆ ನಡೆಯುವುದೆಲ್ಲ ಅದೃಷ್ಟದ ಮೇಲೆ. ಅಂಗಡಿಯವರು ಹೆಚ್ಚು ಖರ್ಚಾಗುವ ಒಂದು ಚೈನ್ ಕೊಡುತ್ತಾರೆ. ಮನೆಗೆ ಬಂದು ಹಾಕಿ ನೋಡಿದರೆ ಒಂದೋ ಉದ್ದ ಜಾಸ್ತಿ, ಇಲ್ಲವೇ ಬಾರ್‌ನ ಸೀಳಿಗೆ ಇಳಿಯುವುದಿಲ್ಲ. ಇದಕ್ಕಿಂತ ಕೆಟ್ಟದ್ದೆಂದರೆ ಹೇಗೋ ಕುಳಿತು ಓಡಲು ಶುರು ಮಾಡುವುದು. ಕುಳಿತುಕೊಳ್ಳದ ಚೈನ್‌ನಿಂದ ಒಂದು ದಿನದ ಕೂಲಿ ಹೋಗುತ್ತದೆ. ತಪ್ಪಾಗಿ ಕುಳಿತ ಚೈನ್ ಬಾರ್, ಸ್ಪ್ರಾಕೆಟ್ ಎರಡನ್ನೂ ತಿನ್ನುತ್ತದೆ, ಮನುಷ್ಯನಿಗೂ ಅಪಾಯ.

ಈ ಲೇಖನದಲ್ಲಿ ಮಧ್ಯಮ ಗಾತ್ರ ಎಂದಿರುವುದು ಸುಮಾರು 45ರಿಂದ 65 ಸಿ.ಸಿ. ಇಂಜಿನ್‌ನ ಮೆಷಿನ್‌ಗಳನ್ನು. ಇವುಗಳ ಬಲ ಸಾಮಾನ್ಯವಾಗಿ 3ರಿಂದ 5 ಅಶ್ವಶಕ್ತಿಯೊಳಗೆ. ತೋಟದ ಮಾಲೀಕರ ಮನೆಯಲ್ಲಿ, ದಿನಗೂಲಿಗೆ ಮರ ಕೊಯ್ಯುವವರ ಕೈಯಲ್ಲಿ ಕಾಣುವುದು ಹೆಚ್ಚಾಗಿ ಇವೇ.

ಚೈನ್‌ನ ಮೂರು ಲೆಕ್ಕ

ಚೈನ್ ಕೊಳ್ಳುವಾಗ ತಿಳಿದಿರಬೇಕಾದದ್ದು ಮೂರು: ಪಿಚ್, ಗೇಜ್, ಡ್ರೈವ್ ಲಿಂಕ್‌ಗಳ ಸಂಖ್ಯೆ. ಬಾರ್‌ನ ಇಂಚು ಈ ಮೂರರಲ್ಲಿ ಸೇರಿಲ್ಲ.

ಪಿಚ್ ಎಂದರೆ ರಿವೆಟ್‌ಗಳ ನಡುವಿನ ಅಂತರ. ಚೈನ್‌ನ ರಿವೆಟ್‌ಗಳು ಸಮ ದೂರದಲ್ಲಿ ಇರುವುದಿಲ್ಲವಾದ್ದರಿಂದ ಸಾಲಾಗಿ ಮೂರು ರಿವೆಟ್ ಹಿಡಿದು, ಮೊದಲನೆಯದರ ನಡುವಿನಿಂದ ಮೂರನೆಯದರ ನಡುವಿಗೆ ಅಳೆದು ಅರ್ಧ ಮಾಡಬೇಕು. ಅಳತೆ 16.5 ಮಿ.ಮೀ. ಬಂದರೆ ಅದು .325 ಇಂಚಿನ ಪಿಚ್. 19 ಮಿ.ಮೀ. ಬಂದರೆ 3/8 ಇಂಚು. ಮಧ್ಯಮ ಮೆಷಿನ್‌ಗಳಲ್ಲಿ ಬರುವುದು ಈ ಎರಡೇ. .404 ದೊಡ್ಡ ಮೆಷಿನ್‌ಗಳದ್ದು. ಇಲ್ಲಿ ಒಂದು ಮೋಸ ಇದೆ: 3/8ರಲ್ಲಿ ಲೋ ಪ್ರೊಫೈಲ್ ಎಂಬ ಇನ್ನೊಂದು ಜಾತಿ ಉಂಟು. ಹೆಸರಿಗೆ ಪಿಚ್ ಅದೇ ಆದರೂ ಹಲ್ಲು ಕುಳ್ಳು, ಚೈನ್ ಸಣ್ಣದು. ಚಿಕ್ಕ ಮೆಷಿನ್‌ಗಳಿಗೆ, ಕರೆಂಟಿನ ಮೆಷಿನ್‌ಗಳಿಗೆ ಮಾಡಿದ್ದು. ಮಾಮೂಲು 3/8ರ ಸ್ಪ್ರಾಕೆಟ್ ಮೇಲೆ ಅದು ಸರಿಯಾಗಿ ಕೂರದು. ಅಂಗಡಿಯಲ್ಲಿ "ಎರಡೂ ಒಂದೇ" ಎಂದರೆ ನಂಬಬೇಡಿ.

ಗೇಜ್ ಎಂದರೆ ಬಾರ್‌ನ ಸೀಳಿನೊಳಗೆ ಇಳಿಯುವ ಕೆಳಗಿನ ನಾಲಿಗೆಯ ದಪ್ಪ. ಈ ನಾಲಿಗೆಗೇ ಡ್ರೈವ್ ಲಿಂಕ್ ಎಂದು ಹೆಸರು. ಮಧ್ಯಮ ಮೆಷಿನ್‌ಗಳಲ್ಲಿ 1.3, 1.5, 1.6 ಮಿ.ಮೀ. ಎಂದು ಮೂರು ದಪ್ಪ ಚಾಲ್ತಿಯಲ್ಲಿವೆ. ಇಂಚಿನ ಲೆಕ್ಕದಲ್ಲಿ .050, .058, .063. ಕೂದಲೆಳೆಯ ವ್ಯತ್ಯಾಸ ಎನಿಸಬಹುದು. ಆದರೆ 1.3ರ ಚೈನನ್ನು 1.6ರ ಬಾರ್‌ಗೆ ಹಾಕಿದರೆ ಅದು ಸೀಳಿನೊಳಗೆ ಅತ್ತಿತ್ತ ವಾಲುತ್ತದೆ, ಕೊಯ್ತ ಬಿಲ್ಲಿನಂತೆ ಬಾಗುತ್ತದೆ, ಬಾರ್‌ನ ಒಂದು ಕಡೆಯ ಅಂಚು ಸವೆಯುತ್ತದೆ. ದಪ್ಪ ಚೈನನ್ನು ಸಪೂರ ಸೀಳಿಗೆ ಸುತ್ತಿಗೆಯಿಂದ ಬಡಿದು ಇಳಿಸುವವರೂ ಇದ್ದಾರೆ. ಅದು ಬಾರ್ ಬಿಸಿಯೇರಿ ನೀಲಿ ತಿರುಗುವ ದಾರಿ.

ಮೂರನೆಯದು ಲಿಂಕ್‌ಗಳ ಸಂಖ್ಯೆ. ಎಡವುವುದು ಇಲ್ಲೇ ಹೆಚ್ಚು. 18 ಇಂಚಿನ ಬಾರ್ ಎಂದ ಮಾತ್ರಕ್ಕೆ ಲಿಂಕ್ ಇಷ್ಟೇ ಎಂದಿಲ್ಲ. ಸ್ಟಿಲ್ ಎಂ.ಎಸ್. 250 ಮೆಷಿನಿನ 18 ಇಂಚಿನ ಬಾರ್‌ಗೆ .325 ಪಿಚ್‌ನಲ್ಲಿ 68 ಲಿಂಕ್ ಬೇಕು. ಹಸ್ಕ್‌ವರ್ನಾದ ಅಷ್ಟೇ ಇಂಚಿನ, ಅದೇ ಪಿಚ್‌ನ ಬಾರ್‌ಗೆ ಸಾಮಾನ್ಯವಾಗಿ 72. ಪಿಚ್ 3/8 ಆದರೆ 66 ಅಥವಾ 68. 20 ಇಂಚಿಗೆ 3/8ರಲ್ಲಿ 72, .325ರಲ್ಲಿ 80. ಚೀನಾದಿಂದ ಬರುವ 52, 58 ಸಿ.ಸಿ. ಮೆಷಿನ್‌ಗಳ 20 ಇಂಚಿಗೆ ಹೆಚ್ಚಾಗಿ 76. ಒಂದೇ ಇಂಚಿಗೆ ಇಷ್ಟೊಂದು ಲೆಕ್ಕ ಬರಲು ಕಾರಣ, ಇಂಚು ಅಳೆಯುವುದು ಮೆಷಿನಿನ ಮುಖದಿಂದ ಬಾರ್‌ನ ತುದಿಯವರೆಗೆ ಮಾತ್ರ. ಮುಚ್ಚಳದ ಒಳಗೆ ಬಾರ್ ಎಷ್ಟು ಹುದುಗಿದೆ, ಸ್ಪ್ರಾಕೆಟ್ ಎಷ್ಟು ಹಿಂದಿದೆ ಎಂಬುದು ಕಂಪನಿಯಿಂದ ಕಂಪನಿಗೆ, ಮಾಡೆಲಿನಿಂದ ಮಾಡೆಲಿಗೆ ಬೇರೆ. ಆದ್ದರಿಂದ ಹಳೆ ಚೈನ್ ನೆಲದ ಮೇಲೆ ಹಾಸಿ, ಒಂದು ನಾಲಿಗೆಗೆ ಸೀಮೆಸುಣ್ಣದ ಗುರುತು ಹಾಕಿ ಎಣಿಸುವುದೊಂದೇ ಖಾತ್ರಿ.

ಎಣಿಸುವಾಗ ಚೈನ್ ಮೇಲಿನ ಅಕ್ಷರಗಳನ್ನೂ ಓದಿ. ಒರೆಗಾನ್ ಕಂಪನಿಯ ಚೈನ್‌ಗಳಲ್ಲಿ ನಾಲಿಗೆಯ ಮೇಲೆ 20, 21, 22 ಎಂದು ಒತ್ತಿದ್ದರೆ ಪಿಚ್ .325, ಗೇಜ್ ಕ್ರಮವಾಗಿ 1.3, 1.5, 1.6. ಅದೇ 72, 73, 75 ಎಂದಿದ್ದರೆ ಪಿಚ್ 3/8, ಗೇಜ್ ಅದೇ ಕ್ರಮದಲ್ಲಿ. (ಈ 72 ಲಿಂಕ್‌ಗಳ ಸಂಖ್ಯೆಯಲ್ಲ, ಹಲವರು ಹಾಗೆ ತಿಳಿದು ಮೋಸ ಹೋಗುತ್ತಾರೆ.) ಸ್ಟಿಲ್ ಚೈನ್‌ಗಳಲ್ಲಿ ನಾಲಿಗೆಯ ಮೇಲಿನ ಅಂಕೆ ಗೇಜ್ ಹೇಳುತ್ತದೆ: 3 ಎಂದರೆ 1.3, 5 ಎಂದರೆ 1.5, 6 ಎಂದರೆ 1.6. ಹಲ್ಲಿನ ಮುಂದಿನ ಗುಬ್ಬಿಯ ಮೇಲಿನ ಅಂಕೆ ಪಿಚ್: 2 ಎಂದರೆ .325, 3 ಎಂದರೆ 3/8, 6 ಎಂದರೆ ಲೋ ಪ್ರೊಫೈಲ್. ಪೆಟ್ಟಿಗೆಯ ಮೇಲೆ 26 ಆರ್.ಎಂ. ಎಂದಿದ್ದರೆ .325 ಪಿಚ್, 1.6 ಗೇಜ್ ಎಂದು ತಿಳಿಯಬೇಕು. ಆರ್.ಎಂ. ಎಂಬುದು ಹಲ್ಲಿನ ಆಕಾರ, ಅದರ ಮಾತು ಮುಂದೆ ಬರುತ್ತದೆ. ಬಾರ್‌ನ ಬುಡದಲ್ಲೂ ಪಿಚ್, ಗೇಜ್, ಹಲವು ಬಾರ್‌ಗಳಲ್ಲಿ ಲಿಂಕ್ ಸಂಖ್ಯೆ ಸಹ ಕೆತ್ತಿರುತ್ತಾರೆ. ಮಣ್ಣು, ಎಣ್ಣೆ ಒರೆಸಿದರೆ ಕಾಣುತ್ತದೆ.

ಸ್ಪ್ರಾಕೆಟ್ ಮರೆಯಬಾರದು

ಚೈನ್ ಓಡಿಸುವುದು ಕ್ಲಚ್ ಬದಿಯ ಸ್ಪ್ರಾಕೆಟ್. ಬಾರ್‌ನ ಮೂಗಿನಲ್ಲಿ ಇನ್ನೊಂದು ಪುಟ್ಟ ಸ್ಪ್ರಾಕೆಟ್ ಇರುತ್ತದೆ. ಚೈನ್‌ನ ಪಿಚ್ ಈ ಎರಡಕ್ಕೂ ಹೊಂದಲೇಬೇಕು. .325 ಇದ್ದ ಮೆಷಿನನ್ನು 3/8ಕ್ಕೆ ಬದಲಿಸಬಾರದೆಂದಿಲ್ಲ. ಆದರೆ ಬದಲಿಸುವುದಾದರೆ ಸ್ಪ್ರಾಕೆಟ್, ಬಾರ್, ಚೈನ್ ಮೂರನ್ನೂ ಒಟ್ಟಿಗೇ ಬದಲಿಸಬೇಕು. ಒಂದನ್ನು ಉಳಿಸಿಕೊಂಡು ದುಡ್ಡು ಉಳಿಸುತ್ತೇನೆ ಎಂದರೆ ಆಗದ ಮಾತು.

ಬದಲಿಸುವ ಅಗತ್ಯ ಇದೆಯೇ ಎಂಬುದು ಬೇರೆ ಪ್ರಶ್ನೆ. 45–50 ಸಿ.ಸಿ. ಮೆಷಿನಿಗೆ .325 ಸಾಕು, ಅದೇ ಒಳ್ಳೆಯದು. ಹಲ್ಲು ಸಣ್ಣದಾದ್ದರಿಂದ ಇಂಜಿನಿಗೆ ಭಾರ ಕಡಿಮೆ, ಓಟ ನಯ. 3/8 ಚೈನ್‌ನ ಹಲ್ಲು ದೊಡ್ಡದು, ಪ್ರತಿ ಕಚ್ಚಿಗೂ ಹೆಚ್ಚು ಮರ ಎತ್ತುತ್ತದೆ, ಹೆಚ್ಚು ಬಾಳುತ್ತದೆ, ಆದರೆ ಅದನ್ನು ಎಳೆಯಲು ಬಲ ಬೇಕು. 60 ಸಿ.ಸಿ. ಆಸುಪಾಸಿನ ಮೆಷಿನ್, ನಿತ್ಯ ದೊಡ್ಡ ಮರಗಳ ಕೆಲಸ ಇದ್ದವರಿಗೆ 3/8 ಸರಿ. ನಡುವಿನ 55 ಸಿ.ಸಿ. ಮೆಷಿನ್‌ಗಳಿಗೆ ಎರಡೂ ನಡೆಯುತ್ತದೆ. ಕಂಪನಿ ಯಾವುದನ್ನು ಹಾಕಿ ಕೊಟ್ಟಿದೆಯೋ ಅದರಲ್ಲೇ ಇದ್ದರೆ ಬಿಡಿಭಾಗಕ್ಕೆ ಪರದಾಟವಿಲ್ಲ.

ಬಾರ್ ಬದಲಿಸುವಾಗ ಅದರ ಬುಡದ ಉದ್ದ ಸೀಳು, ಎಣ್ಣೆ ತೂತು, ಚೈನ್ ಬಿಗಿ ಮಾಡುವ ಪಿನ್ನಿನ ತೂತು ಮೂರೂ ಮೆಷಿನಿಗೆ ಹೊಂದಬೇಕು. ಒಂದೇ ಕಂಪನಿಯಲ್ಲೂ ಸಣ್ಣ ಮೆಷಿನ್‌ಗಳಿಗೆ ಒಂದು ಬುಡ, ದೊಡ್ಡವಕ್ಕೆ ಇನ್ನೊಂದು. ಬೋಲ್ಟಿಗೆ ಕೂತಿತೆಂದು ಸಮಾಧಾನಪಟ್ಟರೂ ಎಣ್ಣೆ ತೂತು ಒಂದಿಷ್ಟು ಸರಿದಿದ್ದರೆ ಚೈನ್ ಒಣಗಿ ಓಡುತ್ತದೆ. ಹಳೆ ಬಾರನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ, ಹೊಸದರ ಮೇಲೆ ಇಟ್ಟು ನೋಡುವುದು ಎಲ್ಲಕ್ಕಿಂತ ಸುಲಭ.

ಉದ್ದ ಬಾರ್‌ನ ಮೋಹ

ದೊಡ್ಡ ಬಾರ್ ಹಾಕಿದರೆ ದೊಡ್ಡ ಕೆಲಸಗಾರ ಎಂಬ ಭಾವನೆ ನಮ್ಮಲ್ಲಿ ಇದೆ. 45 ಸಿ.ಸಿ. ಮೆಷಿನಿಗೆ 20 ಇಂಚು, 58 ಸಿ.ಸಿ. ಎಂದು ಪೆಟ್ಟಿಗೆಯ ಮೇಲೆ ಬರೆದ ಅಗ್ಗದ ಮೆಷಿನಿಗೆ 22 ಇಂಚು ಹಾಕಿ ಮಾರುವುದೂ ಇದೆ. ಪೆಟ್ಟಿಗೆಯ ಮೇಲಿನ ಸಿ.ಸಿ. ಒಳಗೂ ಅಷ್ಟೇ ಇರುತ್ತದೆಂದು ನಂಬುವ ಹಾಗಿಲ್ಲ ಎಂಬುದು ಬೇರೆ.

ಮರದ ಲೆಕ್ಕ ಹಾಕಿ ನೋಡಿದರೆ ಈ ಉದ್ದ ಯಾಕೆ ಬೇಡ ಎಂಬುದು ತಿಳಿಯುತ್ತದೆ. ಮರದ ವ್ಯಾಪಾರದಲ್ಲಿ ಎಲ್ಲರೂ ಹೇಳುವುದು ಸುತ್ತಳತೆ. ಬಾರ್‌ಗೆ ಬೇಕಾದದ್ದು ಅಡ್ಡಳತೆ. ಸುತ್ತಳತೆಯನ್ನು ಮೂರರಿಂದ ಭಾಗಿಸಿದರೆ ಅಡ್ಡಳತೆ ಹೆಚ್ಚುಕಡಿಮೆ ಸಿಗುತ್ತದೆ. ರಬ್ಬರ್ ಮರ ಸುತ್ತಳತೆ 50 ಸೆಂ.ಮೀ. ಆದಾಗ ಹಾಲು ತೆಗೆಯಲು ಶುರು ಮಾಡುತ್ತಾರೆ. ಇಪ್ಪತ್ತೈದು ಮೂವತ್ತು ವರ್ಷ ಕಳೆದು ಕಡಿಯುವ ಹೊತ್ತಿಗೆ ಮೂರು ಮೂರೂವರೆ ಅಡಿ ಸುತ್ತಳತೆಯ ಮರ ಎಂದರೆ ಅಡ್ಡಳತೆ 12–14 ಇಂಚು. ತೆಂಗಿನ ಮರ ಬುಡದ ಗಡ್ಡೆ ಬಿಟ್ಟರೆ ಅದಕ್ಕಿಂತ ದಪ್ಪವಿಲ್ಲ. ಅಡಿಕೆ ಮರದ ಮಾತೇ ಬೇಡ. ಈ ಎಲ್ಲಕ್ಕೂ 16 ಇಂಚಿನ ಬಾರ್ ಧಾರಾಳ.

ಹಳೆಯ ಹಲಸು, ಹೆಬ್ಬಲಸು, ಮಾವು ಬಂದಾಗ? ಏಳು ಅಡಿ ಸುತ್ತಳತೆಯ ಹಲಸಿನ ಅಡ್ಡಳತೆ 27 ಇಂಚಿನಷ್ಟು. ಎರಡೂ ಬದಿಯಿಂದ ಕೊಯ್ದರೆ 16 ಇಂಚಿನ ಬಾರ್‌ಗೂ ಅದು ಸಿಗುತ್ತದೆ, 18 ಇಂಚಿನದಾದರೆ ಇನ್ನೂ ಸಲೀಸು. ಬಾರ್‌ನ ಉದ್ದದ ಎರಡು ಪಟ್ಟಿಗಿಂತ ಸ್ವಲ್ಪ ಕಡಿಮೆ ಅಡ್ಡಳತೆಯವರೆಗೆ ಹೀಗೆ ಮಾಡಬಹುದು. ಆದರೆ ಎರಡು ಬದಿಯಿಂದ ಕೊಯ್ದು ದೊಡ್ಡ ಮರ ಬೀಳಿಸುವುದು ಪಳಗಿದ ಕೈಯ ಕೆಲಸ. ಎರಡು ಕೊಯ್ತ ಒಂದೇ ಮಟ್ಟಕ್ಕೆ ಬರಬೇಕು, ಬೀಳುವ ಕಡೆ ಬಿಡುವ ಹಿಡಿ ಮರ ಸಮನಾಗಿ ಉಳಿಯಬೇಕು. ವರ್ಷಕ್ಕೊಂದು ಅಂಥ ಮರ ಸಿಗುವವರು ಅದಕ್ಕೆಂದೇ ಉದ್ದ ಬಾರ್ ಇಟ್ಟುಕೊಳ್ಳುವುದಕ್ಕಿಂತ ದೊಡ್ಡ ಮೆಷಿನ್ ಇರುವವರನ್ನು ಕರೆಸುವುದು ಅಗ್ಗ.

ಉದ್ದ ಹೆಚ್ಚಿದಂತೆ ಏನಾಗುತ್ತದೆ? 66 ಲಿಂಕ್‌ನ ಚೈನ್‌ಗೆ 33 ಹಲ್ಲು, 80 ಲಿಂಕ್‌ನದಕ್ಕೆ 40. ಪ್ರತಿ ಸಲ ಅರ ಹಾಕುವಾಗ ಏಳು ಹಲ್ಲು ಹೆಚ್ಚು. ಎಣ್ಣೆ ಪಂಪ್ ಅಷ್ಟೇ ಎಣ್ಣೆ ಕೊಡುತ್ತದೆ, ಅದು ಉದ್ದ ಬಾರ್‌ನ ತುದಿ ತಲುಪುವಾಗ ಸಾಕಾಗುವುದಿಲ್ಲ. ಇಂಜಿನಿನ ಬಲದಲ್ಲಿ ಒಂದು ಪಾಲು ಚೈನ್ ಎಳೆಯುವುದರಲ್ಲೇ ಮುಗಿಯುತ್ತದೆ. ಮೂಗು ಭಾರವಾಗಿ ಸಂಜೆ ಹೊತ್ತಿಗೆ ಸೊಂಟ ಹಿಡಿಯುತ್ತದೆ. ಎಲ್ಲಕ್ಕಿಂತ ಮುಖ್ಯ, ಕೊಯ್ಯುವ ಮರದ ಆಚೆ ಆರೇಳು ಇಂಚು ಚಾಚಿಕೊಂಡ ತುದಿ ಇನ್ನೊಂದು ಮರಕ್ಕೋ ಕೊಂಬೆಗೋ ಕಲ್ಲಿಗೋ ತಾಗುತ್ತದೆ. ಅಪಘಾತ ಆಗುವುದು ಆಗಲೇ.

ಹಾಗಾಗಿ 45–50 ಸಿ.ಸಿ.ಗೆ 16 ಇಂಚು, ಅನಿವಾರ್ಯವಾದರೆ 18. 55–60 ಸಿ.ಸಿ.ಗೆ 18, ಅಪರೂಪಕ್ಕೆ 20. 65 ಸಿ.ಸಿ.ಯ ಒಳ್ಳೆ ಮೆಷಿನಿಗೆ 20. ಇದು ಗಡಿನಾಡಿನ ತೋಟಗಳಿಗೆ ಹೊಂದುವ ಲೆಕ್ಕ. ನೀಲಗಿರಿಯಲ್ಲಿ ಕರ್ಪೂರ ಮರ ಎನ್ನುವ ಹಳೆ ನೀಲಗಿರಿ ಮರಗಳ ದೊಡ್ಡ ಬುಡ ಕೊಯ್ಯುವವರು ಇದಕ್ಕೆ ಹೊರತು. ಅವರಿಗೆ ಮಧ್ಯಮ ಮೆಷಿನೇ ಸಾಲದು.

ಹಲ್ಲಿನ ಆಕಾರ, ಮರದ ಗುಣ

ಈಗಿನ ಚೈನ್‌ನ ಹಲ್ಲು ನೋಡಿದರೆ ಕೈಗರಗಸದ ಹಲ್ಲಿನಂತೆ ಇಲ್ಲ, ಮೇಲೆ ಬಾಗಿದ ಉಳಿಯಂತೆ ಇದೆ. 1946ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಮರ ಕಡಿಯುತ್ತಿದ್ದ ಜೋ ಕಾಕ್ಸ್ ಎಂಬಾತ ಕೊಳೆತ ಕೊರಡಿನಲ್ಲಿ ಮರ ತಿನ್ನುವ ದುಂಬಿಯ ಹುಳುವನ್ನು ಗಮನಿಸಿದ. ಹುಳು ತನ್ನ ಕೊಕ್ಕೆಯಂಥ ಎರಡು ದವಡೆಗಳಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಚ್ಚುತ್ತಾ ಮರದ ಎಳೆಯ ಉದ್ದಕ್ಕೂ ಅಡ್ಡಕ್ಕೂ ಸಲೀಸಾಗಿ ಸಾಗುತ್ತಿತ್ತು. ಅದೇ ಮಾದರಿಯಲ್ಲಿ ಎಡ ಬಲ ಹಲ್ಲುಗಳ ಚೈನ್ ಮಾಡಿ 1947ರಲ್ಲಿ ಮಾರಾಟಕ್ಕೆ ತಂದ. ಅದಕ್ಕೂ ಮೊದಲಿನ ಚೈನ್‌ಗಳು ಮರವನ್ನು ಕೆರೆಯುತ್ತಿದ್ದವು, ಇದು ಚಕ್ಕೆ ಎತ್ತಿತು. ಒರೆಗಾನ್ ಚೈನ್ ಕಂಪನಿಯ ಹುಟ್ಟು ಅದೇ.

ಇಂದು ಸಿಗುವ ಹಲ್ಲುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಫುಲ್ ಚಿಸೆಲ್‌ನಲ್ಲಿ ಹಲ್ಲಿನ ಮೂಲೆ ಚೌಕವಾಗಿ ಮೊನಚು. ಶುಚಿಯಾದ ಹಸಿ ಮರದಲ್ಲಿ ಇದರ ವೇಗಕ್ಕೆ ಸಾಟಿಯಿಲ್ಲ. ಆದರೆ ಕೆಲಸ ಮಾಡುವುದೆಲ್ಲ ಆ ಮೂಲೆ. ಒಮ್ಮೆ ಮಣ್ಣು ತಾಗಿ ಅದು ಮೊಂಡಾದರೆ ಮುಗಿಯಿತು. ಸೆಮಿ ಚಿಸೆಲ್‌ನಲ್ಲಿ ಮೂಲೆ ದುಂಡಗೆ ತಿರುಗಿದೆ. ವೇಗ ಸ್ವಲ್ಪ ಕಡಿಮೆ, ಹರಿತ ಮಾತ್ರ ಹೆಚ್ಚು ಹೊತ್ತು ನಿಲ್ಲುತ್ತದೆ, ಅರ ಹಾಕುವುದೂ ಸುಲಭ. ಸ್ಟಿಲ್ ಚೈನ್‌ಗಳಲ್ಲಿ ಆರ್.ಎಸ್. ಎಂದರೆ ಮೊದಲನೆಯದು, ಆರ್.ಎಂ. ಎಂದರೆ ಎರಡನೆಯದು.

ನಮ್ಮ ಕಡೆಯ ಕೆಲಸಕ್ಕೆ ಸೆಮಿ ಚಿಸೆಲ್ಲೇ ಸೈ. ಕಾರಣ ಮರಕ್ಕಿಂತ ಮರದ ಜತೆಗೆ ಬರುವ ವಸ್ತುಗಳು. ಕಾಸರಗೋಡಿನ ಗುಡ್ಡಗಳ ಕೆಂಪು ಮುರಕಲ್ಲಿನ ಹುಡಿ ಮಳೆಗೆ ಸಿಡಿದು ಬುಡದ ತೊಗಟೆಯಲ್ಲಿ ಕೂತಿರುತ್ತದೆ. ಕಡಿದ ಮರವನ್ನು ಎಳೆದು ತರುವಾಗ ಮಣ್ಣು ಮೆತ್ತುತ್ತದೆ. ಮಂಜೇಶ್ವರ, ಕುಂಬಳೆಯ ಕರಾವಳಿಯಲ್ಲಿ ಮರಳು. ಬಳ್ಳಾರಿ ಜಾಲಿ ಇರುವ ಒಣ ಸೀಮೆಯಲ್ಲಿ ಧೂಳು. ತೆಂಗಿನ ಮರದ್ದು ಬೇರೆಯೇ ಕತೆ. ಅದರ ನಡುಭಾಗ ಮೆತ್ತಗೆ, ಹೊರಭಾಗ, ಅದರಲ್ಲೂ ಬುಡದ ಕಡೆ, ಗಟ್ಟಿ ನಾರು. ನಾರಿನಲ್ಲಿ ಮರಳಿನ ಜಾತಿಯ ಸಿಲಿಕಾ ಇರುವುದರಿಂದ ಚೈನ್ ಬೇಗ ಸಾಯುತ್ತದೆ. ತೆಂಗು ಕೊಯ್ಯುವವರು ಒಂದರ ಬದಲು ಎರಡು ಹರಿತ ಚೈನ್ ಕಟ್ಟಿಕೊಂಡು ಹೋದರೆ ಮಧ್ಯಾಹ್ನ ಅರ ಹಿಡಿದು ಕೂರುವುದು ತಪ್ಪುತ್ತದೆ.

ರಬ್ಬರ್ ಮರ ಹಸಿ ಇರುವಾಗ ಕೊಯ್ಯಲು ಮೆತ್ತಗೆ. ಅಲ್ಲಿ ತೊಂದರೆ ಕೊಡುವುದು ಎರಡು. ಒಂದು ಹಾಲು: ಅದು ಮರದ ಹುಡಿಯೊಂದಿಗೆ ಸೇರಿ ಬಾರ್‌ನ ಸೀಳಿನಲ್ಲಿ ಅಂಟಾಗಿ ಗಟ್ಟಿಯಾಗುತ್ತದೆ. ಎಣ್ಣೆ ತೂತನ್ನೂ ಮುಚ್ಚುತ್ತದೆ. ದಿನಕ್ಕೆರಡು ಸಲವಾದರೂ ಬಾರ್ ಬಿಚ್ಚಿ ತಂತಿಯಿಂದ ಕೆರೆದು ತೆಗೆಯಬೇಕು. ಇನ್ನೊಂದು ಕಬ್ಬಿಣ: ಚಿಪ್ಪು ಕಟ್ಟಿದ ತಂತಿ, ಹಾಲು ಇಳಿಯಲು ಬಡಿದ ತಗಡಿನ ಚೂರು ವರ್ಷಗಳ ಕಾಲ ತೊಗಟೆಯ ಒಳಗೆ ಹುದುಗಿ ಹೊರಗೆ ಕಾಣುವುದೇ ಇಲ್ಲ. ಹಾಲು ತೆಗೆಯುತ್ತಿದ್ದ ಎತ್ತರದಲ್ಲಿ ಕೊಯ್ಯುವ ಮೊದಲು ಕತ್ತಿಯಿಂದ ತೊಗಟೆ ಕೆತ್ತಿ ನೋಡುವುದು ಒಳ್ಳೆಯದು. ಬೇಲಿಯ ಮರಗಳಲ್ಲಿ ಮುಳ್ಳುತಂತಿ. ರಸ್ತೆ ಬದಿಯ ಮರಗಳಲ್ಲಿ ಫ್ಲೆಕ್ಸ್ ಕಟ್ಟಿದ ಮೊಳೆಗಳು. ಗೆದ್ದವರದ್ದೂ ಸೋತವರದ್ದೂ ಚೈನ್‌ಗೆ ಒಂದೇ.

ಬಳ್ಳಾರಿ ಜಾಲಿಯನ್ನು ತಮಿಳಿನಲ್ಲಿ ಸೀಮೈ ಕರುವೇಲಂ, ತೆಲುಗಿನಲ್ಲಿ ಸರ್ಕಾರು ತುಮ್ಮ ಎನ್ನುತ್ತಾರೆ. ಹೆಸರು ಯಾವುದಾದರೂ ಮರ ಗಟ್ಟಿ, ಕಾಂಡಗಳು ಸಪೂರ, ಬುಡದಿಂದಲೇ ಹಲವು ಕವಲು. ಅಲ್ಲಿಗೆ 16 ಇಂಚು, .325, ಸೆಮಿ ಚಿಸೆಲ್ ಬಿಟ್ಟು ಬೇರೆ ಯೋಚಿಸಬೇಕಾಗಿಲ್ಲ. ಶುಚಿಯಾದ ತೊಗಟೆಯ, ನೇರ ಬೆಳೆದ ಸಿಲ್ವರ್ ಓಕ್ ಕೊಯ್ಯುವವರು ಮಾತ್ರ ಫುಲ್ ಚಿಸೆಲ್‌ನ ವೇಗದ ಲಾಭ ಪಡೆಯಬಹುದು.

ಹಲಸಿನ ದಿಮ್ಮಿಯನ್ನು ತೋಟದಲ್ಲೇ ಹಲಗೆ ಸೀಳುವವರೂ ಇದ್ದಾರೆ. ಮಾಮೂಲು ಚೈನ್‌ನ ಹಲ್ಲು 30 ಡಿಗ್ರಿ ಓರೆಗೆ ಹರಿತವಾಗಿರುವುದು ಮರವನ್ನು ಅಡ್ಡ ಕೊಯ್ಯಲು. ಉದ್ದಕ್ಕೆ ಸೀಳಲು 10 ಡಿಗ್ರಿಯಷ್ಟೇ ಓರೆ ಇರುವ ರಿಪ್ಪಿಂಗ್ ಚೈನ್ ಬೇರೆ ಇದೆ. ಆ ಕೆಲಸ ಇಂಜಿನಿಗೆ ತುಂಬಾ ಭಾರ, 45 ಸಿ.ಸಿ. ಮೆಷಿನಿನಲ್ಲಿ ಮಾಡಬಾರದ್ದು.

ಮೆಷಿನ್ ಹಿಂದಕ್ಕೆ ಎಗರುವುದು

ಬಾರ್‌ನ ಮೂಗಿನ ಮೇಲಿನ ಅರ್ಧ ಭಾಗ ಯಾವುದಕ್ಕಾದರೂ ತಾಗಿದರೆ ಹಲ್ಲು ಅಲ್ಲಿ ಕಚ್ಚಿಕೊಂಡು ಇಡೀ ಬಾರ್ ಮೇಲಕ್ಕೆ, ಹಿಂದಕ್ಕೆ, ಕೆಲಸಗಾರನ ಮುಖ ಕುತ್ತಿಗೆಯ ಕಡೆಗೆ ಎಗರುತ್ತದೆ. ಕಿಕ್‌ಬ್ಯಾಕ್ ಎನ್ನುವುದು ಇದಕ್ಕೆ. 7 ಹಲ್ಲಿನ ಸ್ಪ್ರಾಕೆಟ್ ನಿಮಿಷಕ್ಕೆ 10,000 ಸುತ್ತು ತಿರುಗುವಾಗ .325 ಚೈನ್ ಸೆಕೆಂಡಿಗೆ 19 ಮೀಟರ್ ಓಡುತ್ತದೆ. ಕೈ ಹಿಂದೆಗೆಯುವಷ್ಟು ಸಮಯ ಯಾರಿಗೂ ಸಿಗುವುದಿಲ್ಲ.

ಬಾರ್ ಚೈನ್ ಆಯ್ಕೆಗೂ ಇದಕ್ಕೂ ನೇರ ಸಂಬಂಧ ಇದೆ. ಮೂಗು ಅಗಲವಾದಷ್ಟು ಎಗರುವ ಜಾಗ ದೊಡ್ಡದು, ಚೂಪು ಮೂಗಿನ ಬಾರ್‌ನಲ್ಲಿ ಕಡಿಮೆ. ಹಲ್ಲುಗಳ ನಡುವೆ ಏರು ಗುಬ್ಬಿ ಇರುವ ಲೋ ಕಿಕ್‌ಬ್ಯಾಕ್ ಚೈನ್‌ಗಳೂ ಸಿಗುತ್ತವೆ. ಮೂಗು ತೂರಿಸಿ ಕೊಯ್ಯುವಾಗ ಅವು ನಿಧಾನ, ಆದ್ದರಿಂದ ನಿತ್ಯ ಕೆಲಸದವರು ಮೂಗು ಮುರಿಯುತ್ತಾರೆ. ಮನೆ ಬಳಕೆಗೆ ಮೆಷಿನ್ ಇಟ್ಟುಕೊಂಡು ತಿಂಗಳಿಗೊಮ್ಮೆ ಕಟ್ಟಿಗೆ ಕೊಯ್ಯುವವರು ಅದನ್ನೇ ಕೇಳಿ ಪಡೆಯಬೇಕು. ಚೈನ್ ಬ್ರೇಕ್ ಕೆಟ್ಟಿದೆ ಎಂದು ಕಳಚಿಟ್ಟ ಮೆಷಿನಿಗೆ ಎಂಥ ಚೈನ್ ಹಾಕಿದರೂ ಪ್ರಯೋಜನ ಇಲ್ಲ. ಮರ ಏರಿ ಒಂದು ಕೈಯಲ್ಲಿ ಮಧ್ಯಮ ಮೆಷಿನ್ ಹಿಡಿದು ಕೊಂಬೆ ಕೊಯ್ಯುವುದಂತೂ ಸಾವಿನೊಂದಿಗೆ ಆಟ. ಅದಕ್ಕೆ ಮೇಲೆ ಹಿಡಿ ಇರುವ, ಚಿಕ್ಕ ಬಾರ್‌ನ ಹಗುರ ಮೆಷಿನ್‌ಗಳೇ ಬೇರೆ ಇವೆ. ಅವಕ್ಕೂ ಹಗ್ಗ, ಬೆಲ್ಟ್ ಮತ್ತು ಎರಡು ಕೈ ಬೇಕು.

ಅರ, ಗುಬ್ಬಿ, ಎಣ್ಣೆ

ಚೈನ್ ಜತೆಗೇ ಅದಕ್ಕೆ ಹೊಂದುವ ದುಂಡು ಅರವನ್ನೂ ಕೊಳ್ಳಿ. .325ಕ್ಕೆ 4.8 ಮಿ.ಮೀ., ಲೋ ಪ್ರೊಫೈಲಿಗೆ 4 ಮಿ.ಮೀ., 3/8ಕ್ಕೆ ಸ್ಟಿಲ್ ಆದರೆ 5.2, ಒರೆಗಾನ್ ಆದರೆ 5.5 ಮಿ.ಮೀ. ಸಪೂರ ಅರ ಹಲ್ಲಿನ ಕೆಳಗೆ ಕೊರೆದು ಕೊಕ್ಕೆ ಮಾಡುತ್ತದೆ, ದಪ್ಪ ಅರ ಹಲ್ಲನ್ನು ಹಿಂದಕ್ಕೆ ವಾಲಿಸುತ್ತದೆ. ಮೆಷಿನಿನಿಂದ ಬೀಳುವುದು ಚಕ್ಕೆಯಾಗಿದ್ದರೆ ಚೈನ್ ಹರಿತ, ಹಿಟ್ಟಿನಂಥ ಹುಡಿಯಾದರೆ ಮೊಂಡು. ಮೆಷಿನನ್ನು ಮರಕ್ಕೆ ಒತ್ತಬೇಕಾಯಿತೆಂದರೆ ಅರ ಹಾಕುವ ಹೊತ್ತು ಮೀರಿದೆ ಎಂದರ್ಥ.

ಪ್ರತಿ ಹಲ್ಲಿನ ಮುಂದಿರುವ ಗುಬ್ಬಿ ಎಷ್ಟು ಆಳಕ್ಕೆ ಕಚ್ಚಬೇಕೆಂದು ತೀರ್ಮಾನಿಸುತ್ತದೆ. ಹಲ್ಲಿನ ತುದಿಗಿಂತ ಅದು ಸುಮಾರು 0.65 ಮಿ.ಮೀ. ತಗ್ಗಿರಬೇಕು. ಹಲ್ಲು ಸವೆದಂತೆ ಇದನ್ನೂ ಚಪ್ಪಟೆ ಅರದಿಂದ ತಗ್ಗಿಸುತ್ತಾ ಬರಬೇಕು, ಆದರೆ ಅಳತೆಯ ತಗಡು ಇಟ್ಟೇ. "ಒಂದೆರಡು ಉಜ್ಜು ಜಾಸ್ತಿ ಹಾಕಿದರೆ ಬೇಗ ಕೊಯ್ಯುತ್ತದೆ" ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಹಾಗೆ ಉಜ್ಜಿದ ಚೈನ್ ಮರವನ್ನು ಕಿತ್ತು ಎಳೆಯುತ್ತದೆ, ಮೆಷಿನ್ ನಡುಗುತ್ತದೆ, ಕ್ಲಚ್ ಸುಡುತ್ತದೆ, ಕಿಕ್‌ಬ್ಯಾಕ್ ಹೆಚ್ಚುತ್ತದೆ. ಹಲ್ಲಿನ ಮೇಲ್ಭಾಗ 4 ಮಿ.ಮೀ.ಗೆ ಇಳಿದಾಗ ಚೈನ್ ಬಿಸಾಡುವ ಕಾಲ.

ಹಳೆ ಇಂಜಿನ್ ಆಯಿಲ್, ನಮ್ಮವರ ಕರಿ ಆಯಿಲ್, ಚೈನ್‌ಗೆ ಹಾಕುವ ಅಭ್ಯಾಸ ಬಿಡುವುದು ಒಳ್ಳೆಯದು. ಅದರಲ್ಲಿ ಇಂಜಿನಿನ ಲೋಹದ ಹುಡಿ ಇರುತ್ತದೆ, ಪಂಪ್ ಮತ್ತು ಬಾರ್ ಸವೆಸುತ್ತದೆ, ಕೈ ಚರ್ಮಕ್ಕೂ ಒಳ್ಳೆಯದಲ್ಲ. ಚೈನ್ ಆಯಿಲ್ ಸಿಕ್ಕದಿದ್ದರೆ ಹೊಸ ಇಂಜಿನ್ ಆಯಿಲ್ ಆದರೂ ನಡೆದೀತು. ಎಣ್ಣೆ ಬರುತ್ತಿದೆಯೇ ಎಂದು ತಿಳಿಯಲು ಮೂಗನ್ನು ಬಿಳಿ ಕಾಗದದ ಎದುರು ತಾಗಿಸದೆ ಹಿಡಿದು ವೇಗ ಕೊಡಿ, ಎಣ್ಣೆಯ ಗೆರೆ ಬೀಳಬೇಕು.

ಚೈನ್ ಬದಲಿಸುವಾಗಲೆಲ್ಲ ಬಾರನ್ನು ಮೇಲು ಕೆಳಗು ತಿರುಗಿಸಿ ಹಾಕಿದರೆ ಎರಡೂ ಅಂಚು ಸಮನಾಗಿ ಸವೆಯುತ್ತದೆ. ಅಂಚಿನಲ್ಲಿ ಎದ್ದ ಉಗುರಿನಂಥ ಚೂಪನ್ನು ಚಪ್ಪಟೆ ಅರದಿಂದ ತೆಗೆಯಿರಿ. ಸೀಳಿನ ಆಳ 6 ಮಿ.ಮೀ.ಗಿಂತ ಕಡಿಮೆಯಾಗಿ ನಾಲಿಗೆಗಳು ತಳ ಮುಟ್ಟುತ್ತಿದ್ದರೆ ಆ ಬಾರ್ ಮುಗಿಯಿತು. ಸ್ಪ್ರಾಕೆಟ್ ಮೇಲೆ ಚೈನ್ ಕೊರೆದ ಗುರುತು ಅರ್ಧ ಮಿ.ಮೀ. ಆಳವಾದರೆ ಅದನ್ನೂ ಬದಲಿಸಬೇಕು. ಸವೆದ ಸ್ಪ್ರಾಕೆಟ್ ಮೇಲೆ ಹೊಸ ಚೈನ್ ಹಾಕಿದರೆ ಹೊಸದೂ ಬೇಗ ಹಳೆಯದಾಗುತ್ತದೆ. ಎರಡು ಚೈನ್ ಕೊಂಡು ವಾರ ವಾರ ಅದಲು ಬದಲು ಮಾಡಿ ಓಡಿಸುವವರಿಗೆ ಎರಡು ಚೈನ್, ಒಂದು ಸ್ಪ್ರಾಕೆಟ್ ಹೆಚ್ಚುಕಡಿಮೆ ಒಟ್ಟಿಗೆ ಸವೆಯುತ್ತವೆ, ಒಂದೇ ಸಲ ಪೇಟೆಗೆ ಹೋಗಿ ಮೂರನ್ನೂ ತರಬಹುದು. ಹೋಗುವಾಗ ಮೆಷಿನಿನ ಮಾಡೆಲ್, ಪಿಚ್, ಗೇಜ್, ಲಿಂಕ್ ಸಂಖ್ಯೆ, ಸ್ಪ್ರಾಕೆಟ್ ಹಲ್ಲಿನ ಲೆಕ್ಕ ಚೀಟಿಯಲ್ಲಿ ಬರೆದು ಮೆಷಿನಿನ ಪೆಟ್ಟಿಗೆಯಲ್ಲೇ ಇಟ್ಟಿರಿ. ಮಗನನ್ನೋ ಕೆಲಸದವರನ್ನೋ ಕಳುಹಿಸುವುದಾದರೂ ಆ ಚೀಟಿ ಮತ್ತು ಹಳೆ ಚೈನ್ ಜತೆಗೆ ಹೋಗಲಿ.